ಹದಿನಾಲ್ಕನೇ ನಂಬರಿನ ಷರಾ

ಹನ್ನೊಂದು ವರ್ಷದಿಂದ ಇದೇ ಕಸುಬು:
ಪರರ ಹಾಸಿಗೆಯಲ್ಲಿ ಮಲಗಿ
ಬೆಳಿಗ್ಗೆ ಎದ್ದು ಅಂಕ ಹಾಕುವುದು.
ದಿಂಬಿಗೆ ಏಳು. ಬಚ್ಚಲ ಬಿಸಿನೀರಿಗೆ ಎಂಟೂವರೆ.
ಮಕಾವಿನ ಲೌಂಜಿನಲ್ಲಿ ಕೊಟ್ಟ ಕಿತ್ತಳೆ ರಸಕ್ಕೆ ಆರು,
ಬೀಜವೊಂದು ಹಲ್ಲಿಗೆ ಸಿಕ್ಕಿತ್ತು.

ಈ ಸಲ ಮೈಸೂರಿಗೆ ಬಂದದ್ದು
ಎರಡು ಫ್ಯಾನಿನ ಪುಟ್ಟ ವಿಮಾನದಲ್ಲಿ.
ರೆಕ್ಕೆ ಕಿಟಕಿಯ ಮೇಲೇ ಇತ್ತು,
ಯಾರೋ ಕೊಡೆ ಹಿಡಿದ ಹಾಗೆ.
ಮಂಡಕಳ್ಳಿಯಲ್ಲಿಳಿದರೆ ಬೆಲ್ಟಿನ ಮೇಲೆ
ನನ್ನ ಪೆಟ್ಟಿಗೆಯೊಂದೇ ಸುತ್ತುತ್ತಿತ್ತು
ಗಾಣಕ್ಕೆ ಕಟ್ಟಿದ ಎತ್ತಿನಂತೆ.
ಕಾದದ್ದು ನಾಲ್ಕು ನಿಮಿಷ. ಬರೆದುಕೊಂಡೆ.

ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ.
ಬಾಗಿಲು ತೆಗೆಯುವ ಹುಡುಗನ ಪೇಟ ಬಾಡಿಗೆಯದು,
ನಗುವೂ ಒಗೆದು ಇಸ್ತ್ರಿ ಮಾಡಿದ್ದು.
ಒಂಬತ್ತು ಕೊಟ್ಟೆ. ತಪ್ಪೇನೂ ಸಿಗಲಿಲ್ಲ.
ಈಗ ಯೋಚಿಸಿದರೆ
ಆ ಕೋಣೆಯ ಒಂದು ಗೋಡೆಯೂ ನೆನಪಿಲ್ಲ.

ಮೂರನೇ ದಿನ ಟ್ಯಾಕ್ಸಿ ಮಂಡ್ಯದಲ್ಲಿ ಕೆಟ್ಟು ನಿಂತಿತು.
ಗೇರ್‌ಬಾಕ್ಸು ಬೆಳಿಗ್ಗೆ ಬರುತ್ತದಂತೆ.
ಬಸ್ಸು ಹತ್ತಬಹುದಿತ್ತು,
ಹತ್ತಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಲಾಡ್ಜು.
ಬೀಗದಕೈಗೆ ಕಟ್ಟಿದ ಮರದ ತುಂಡು
ಮುದ್ದೆ ತಿರುವಬಹುದಾದಷ್ಟು ದಪ್ಪ.
ಗಲ್ಲಾದಲ್ಲಿ ಕೂತ ಜವರಾಯಿ
ಕನ್ನಡಕ ಹಣೆಗೇರಿಸಿ, ‘ಒಬ್ರೇಯಾ?’ ಎಂದ.
‘ಒಬ್ಬಳೇ.’
‘ಒಳ್ಳೇದಾಯ್ತು ಬುಡಿ, ಸೊಳ್ಳೆಪರದೆ ಒಬ್ರಿಗೇ ಸಾಲೋದು.’

ಎದುರಿನ ಮಿಲ್ಟ್ರಿ ಹೋಟೆಲು.
ನಾನು ಹುಬ್ಬಳ್ಳಿಯವಳು, ಮುದ್ದೆ ಅಗಿದೆ.
ಪುಟ್ಟಸಿದ್ದಮ್ಮ ಸೌಟು ಹಿಡಿದೇ ಗದರಿದಳು:
‘ಅಗೀಬ್ಯಾಡ್ದು ಕನವ್ವ, ನುಂಗು.’
ನನ್ನ ಹಾಳೆಯಲ್ಲೊಂದು ಸಾಲಿದೆ:
ಎರಡನೇ ಸಲ ಬಡಿಸುವ ಮುನ್ನ ವಿನಯದಿಂದ ಕೇಳಿದರೇ?
ಕೇಳಲಿಲ್ಲ. ಹಾಕಿದಳು.
ಸಾರಿನ ಖಾರಕ್ಕೆ ಕಣ್ಣಲ್ಲಿ ಬಂದದ್ದನ್ನು
ಯಾವ ಸಾಲಿನಲ್ಲಿ ಬರೆಯುವುದೋ ತಿಳಿಯಲಿಲ್ಲ.

ರಾತ್ರಿ ಹನ್ನೊಂದು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯ ಸಂದಿಯಿಂದ ಬಂದು
ಮಂಚದ ತುದಿಗೆ ಕೂತಿತು, ನೆಂಟರ ಹಾಗೆ.
ನಿದ್ದೆ ಬಾರದೆ ತಾರಸಿಗೆ ಹೋದರೆ
ಗೋಣಿಚೀಲದ ಮೇಲೆ ಇಸ್ಪೀಟು.
ಮೂವರು ಕಂಡಕ್ಟರುಗಳು, ಎಲೆ ಹಾಕುವವನು ಜವರಾಯಿ.
ಅಂದರ್ ಬಾಹರ್.

ಮಾಂಡೋವಿ ನದಿಯ ಮೇಲೆ ತೇಲುವ ಹಡಗಿನಲ್ಲಿ
ಇದೇ ಆಟಕ್ಕೆ ಅಂಕ ಹಾಕಿದ್ದೇನೆ.
ಗಡಿಯಾರವಿಲ್ಲದ ಹಾಲು, ಪುಕ್ಕಟೆ ಮದ್ಯ,
ಸೋತವನ ಬೆನ್ನು ಸವರಲೆಂದೇ ಸಂಬಳದ ಹುಡುಗಿ.
ಇಲ್ಲಿ ಪಣ ದುಡ್ಡಲ್ಲ.
ಬೆಳಗಿನ ಜಾವ ನಾಲ್ಕು ನಲವತ್ತರ ನಾಗಮಂಗಲದ ಗಾಡಿ:
ಸೋತವನು ಏಳಬೇಕು, ಗೆದ್ದವನು ಮಲಗಬಹುದು.
ನಿದ್ದೆಯನ್ನೇ ಮುಂದಿಟ್ಟು ಆಡುತ್ತಿದ್ದರು,
ಆಡುತ್ತಾ ಆಡುತ್ತಾ ಅದನ್ನೇ ಕಳೆಯುತ್ತಿದ್ದರು.

‘ಮೇಡಮ್ಮೋರೂ ಬನ್ನಿ. ಏನಿಕ್ತೀರಿ?’
ನನ್ನ ಹತ್ತಿರ ನಾಗಮಂಗಲದ ಬಸ್ಸಿಲ್ಲ.
ಲಾಡ್ಜಿನಲ್ಲಿ ತಲೆಗೊಂದು ಬಕೆಟ್ ಬಿಸಿನೀರು,
ಅದನ್ನೇ ಇಟ್ಟೆ.
ನಡುವೆ ಇಸ್ಪೀಟಿನ ರಾಣಿ.
‘ಒಳ್ಗೋ? ಹೊರ್ಗೋ?’
ಯೋಚಿಸದೆ ಬಾಯಿಗೆ ಬಂತು: ಹೊರಗೆ.
ಏಳನೇ ಎಲೆಗೆ ಇನ್ನೊಂದು ರಾಣಿ
ಒಳಗೆ ಬಿದ್ದಳು.

ನಾಲ್ಕಕ್ಕೆ ಪಕ್ಕದ ಬಚ್ಚಲಲ್ಲಿ
ನನ್ನ ನೀರಿನಲ್ಲಿ ಯಾರೋ ಮೀಯುವ ಸದ್ದು,
ಜೊತೆಗೆ ಒಂದು ದೊಡ್ಡ ಆಕಳಿಕೆ.
ಆರಕ್ಕೆ ನಾನು ತಣ್ಣೀರಿನಲ್ಲಿ ಕಿರುಚಿದೆ.

ಹೊರಡುವಾಗ ರಿಜಿಸ್ಟರಿಗೆ ಸಹಿ.
ಕೊನೆಯ ಕಾಲಮ್ಮು ಷರಾ,
ತುಂಬಿದ್ದು ಜವರಾಯಿಯೇ, ಹಸಿರು ಶಾಯಿಯಲ್ಲಿ.
ಒಂಬತ್ತು: ಕುಡುದು ಅಳ್ತಾರೆ. ಪಾಪದೋರು.
ಹನ್ನೆರಡು: ಬಲ್ಬು ಬಿಚ್ಚಿಕೊಂಡು ಹೋದ.
ಹದಿನಾಲ್ಕು: ದಿಂಬು ಮೂಸಿ ನೋಡ್ತಾರೆ. ಸೋತ ನೀರು ಕೊಟ್ಟರು.
ಮತ್ತೆ ಬಂದರೆ ರೂಮು ಕೊಡಬಹುದು.

‘ಅಂಕ ಇಲ್ಲವಾ?’ ಅಂದೆ.
‘ಅಂಕ್ವಾ? ಅದ್ಯಾಕವ್ವ,
ನೀವೇನ್ ಪರೀಕ್ಸೆಗೆ ಕಟ್ಟಿದ್ರಾ?’
ಚಿಲ್ಲರೆ ಎಣಿಸಿ ಕೊಟ್ಟ. ಎರಡು ರೂಪಾಯಿ ಕಡಿಮೆಯಿತ್ತು,
ಬದಲಿಗೊಂದು ಶುಂಠಿ ಪೆಪ್ಪರಮೆಂಟು.